ಹಳೆಯ ಫೋಟೋದ ಬಾಯಿ ಬಿಡಿಸುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಉಕ್ಕಿನ ತೊಲೆಯ ಮೇಲೆ ಹನ್ನೊಂದು ಕೆಲಸಗಾರರು ಸಾಲಾಗಿ ಕೂತಿದ್ದಾರೆ. ಕೆಲವರ ಕೈಯಲ್ಲಿ ಬುತ್ತಿ ಡಬ್ಬಿ. ಕಾಲ ಕೆಳಗೆ ಬರೀ ಗಾಳಿ, ಅದರಡಿ ಎಲ್ಲೋ ಆಳದಲ್ಲಿ ನ್ಯೂಯಾರ್ಕ್. ಈ ಫೋಟೋ ನೋಡದವರು ಕಡಿಮೆ. ಇದರ ಕೆಳಗೆ ಎಷ್ಟೋ ಕಡೆ ಏನು ಬರೆದಿರುತ್ತದೆ ಗೊತ್ತಾ? ಎಂಪೈರ್ ಸ್ಟೇಟ್ ಕಟ್ಟಡ, ತೆಗೆದವರು ಲೂಯಿಸ್ ಹೈನ್. ಎರಡೂ ತಪ್ಪು. ಅದು ರಾಕ್‌ಫೆಲ್ಲರ್ ಸೆಂಟರ್‌ನ ಆರ್‌ಸಿಎ ಕಟ್ಟಡದ 69ನೇ ಮಹಡಿ. ದಿನಾಂಕ 1932ರ ಸೆಪ್ಟೆಂಬರ್ 20. ಕಟ್ಟಡದ ಪ್ರಚಾರಕ್ಕೆಂದೇ ಅವರನ್ನು ಕೂರಿಸಿ ತೆಗೆದ ಚಿತ್ರ. ಅವತ್ತು ಅಲ್ಲಿ ಒಬ್ಬರಿಗಿಂತ ಜಾಸ್ತಿ ಫೋಟೋಗ್ರಾಫರ್‌ಗಳಿದ್ದರು. ಹಾಗಾಗಿ ಕ್ಲಿಕ್ಕಿಸಿದ್ದು ಯಾರು ಎನ್ನುವುದು ಇನ್ನೂ ಇತ್ಯರ್ಥವಾಗಿಲ್ಲ. ಆದರೆ ಆ ಜನ ನಿಜವಾದ ಕೆಲಸಗಾರರೇ, ಆ ಎತ್ತರವೂ ನಿಜವೇ.

ಹಳೆಯ ಫೋಟೋಗಳ ಹಿಂದೆ ಬಿದ್ದು ನಾನು ಕಲಿತದ್ದು ಇಷ್ಟು. ಸುಳ್ಳು ಹೇಳುವುದು ಫೋಟೋಗಿಂತ ಅದರ ಕೆಳಗಿನ ಸಾಲೇ ಜಾಸ್ತಿ. ನಿಜವಾದ ಕಥೆ ಚೌಕಟ್ಟಿನ ಅಂಚಿನಲ್ಲೋ, ಬೆನ್ನ ಮೇಲೋ, ಅದೇ ಹೊತ್ತಿಗೆ ತೆಗೆದ ಪಕ್ಕದ ಚಿತ್ರದಲ್ಲೋ ಕೂತಿರುತ್ತದೆ. ಅದನ್ನು ಹೊರಗೆಳೆಯಲು ನಾನು ಹಿಡಿಯುವ ದಾರಿ ಇದು. ನಿಮ್ಮ ಕೈಯಲ್ಲಿರುವುದು ಪೆಟ್ಟಿಗೆಯಲ್ಲಿ ಸಿಕ್ಕ ಗುಂಪು ಫೋಟೋ ಆಗಿರಲಿ, ಮೊಬೈಲ್‌ಗೆ ಬಂದ ಫಾರ್ವರ್ಡ್ ಆಗಿರಲಿ, ಕ್ರಮ ಹೆಚ್ಚುಕಮ್ಮಿ ಒಂದೇ.

1. ಮೊದಲು ಕ್ಯಾಪ್ಶನ್ ಮುಚ್ಚಿ

ಕೆಳಗಿನ ಬರಹವನ್ನು ಒಂದು ಕಾಗದದಿಂದ ಮುಚ್ಚಿ. ಹತ್ತು ನಿಮಿಷ ಸುಮ್ನೆ ಚಿತ್ರ ನೋಡಿ. ಕಂಡದ್ದನ್ನೆಲ್ಲ ಬರೆಯುತ್ತಾ ಹೋಗಿ. ಎಷ್ಟು ಜನ, ಬೆಳಕು ಯಾವ ಕಡೆಯಿಂದ, ಯಾರು ಕ್ಯಾಮೆರಾ ನೋಡುತ್ತಿದ್ದಾರೆ, ಯಾರು ನೋಡುತ್ತಿಲ್ಲ, ಹಿಂದೆ ಏನಿದೆ. "ದುಃಖದಲ್ಲಿರುವ ಹೆಂಗಸು" ಎಂದು ಬರೆಯಬೇಡಿ. "ಬಲಗೈ ಕೆನ್ನೆಯ ಹತ್ತಿರ, ಹುಬ್ಬು ಗಂಟಿಕ್ಕಿದೆ" ಎಂದು ಬರೆಯಿರಿ. ದುಃಖ ಎನ್ನುವುದು ನಿಮ್ಮ ಊಹೆ, ಹುಬ್ಬು ಕಣ್ಣಿಗೆ ಕಾಣುವುದು.

ಕ್ಯಾಪ್ಶನ್ ಮೊದಲು ಓದಿದರೆ ಏನಾಗುತ್ತದೆ ಎನ್ನುವುದಕ್ಕೆ ಇಂಟರ್‌ನೆಟ್‌ನಲ್ಲಿ ಓಡಾಡುವ ಒಂದು ಕಾಗಕ್ಕ ಗುಬ್ಬಕ್ಕನ ಕಥೆ ನೋಡಿ. 19ನೇ ಶತಮಾನದ ಸ್ಟುಡಿಯೋ ಫೋಟೋ. ನಿಂತವರ ಕಾಲಿನ ಹಿಂದೆ ಒಂದು ಕಬ್ಬಿಣದ ಸ್ಟ್ಯಾಂಡ್ ಇಣುಕುತ್ತಿದೆ. ಕೆಳಗೆ "ಇದು ಶವ, ಸ್ಟ್ಯಾಂಡಿಗೆ ಕಟ್ಟಿ ನಿಲ್ಲಿಸಿದ್ದಾರೆ" ಎಂಬ ಬರಹ. ಓದಿದ ಮೇಲೆ ಮುಖವೂ ಹೆಣದಂತೆಯೇ ಕಾಣುತ್ತದೆ! ವಾಸ್ತವದಲ್ಲಿ ಆ ಸ್ಟ್ಯಾಂಡ್ ಇದ್ದದ್ದು ಬದುಕಿರುವವರಿಗೆ. ಒಂದು ಚಿತ್ರಕ್ಕೆ ಎಷ್ಟೋ ಸೆಕೆಂಡು ಅಲ್ಲಾಡದೆ ನಿಲ್ಲಬೇಕಿತ್ತು, ತಲೆ ಕದಲದಿರಲಿ ಎಂದು ಕತ್ತಿನ ಹಿಂದೆ ಅದರ ಆಸರೆ ಇಡುತ್ತಿದ್ದರು. ಹೆಣದ ಭಾರ ಹೊರುವ ಶಕ್ತಿ ಅದಕ್ಕಿರಲಿಲ್ಲ. ತೀರಿಕೊಂಡವರ ಫೋಟೋ ತೆಗೆಯುವ ರೂಢಿ ಇದ್ದದ್ದು ಹೌದು. ಆದರೆ ಸಾಮಾನ್ಯವಾಗಿ ಮಲಗಿಸಿಯೇ ತೆಗೆಯುತ್ತಿದ್ದರು.

2. ವಸ್ತುವನ್ನೇ ವಿಚಾರಿಸಿ

ಮೂಲ ಪ್ರಿಂಟ್ ನಿಮ್ಮ ಕೈಯಲ್ಲಿದ್ದರೆ ಅದೃಷ್ಟ. ಕೈ ತೊಳೆದು ಒರೆಸಿಕೊಳ್ಳಿ, ಅಂಚಿನಲ್ಲಿ ಮಾತ್ರ ಹಿಡಿಯಿರಿ. ಒಂದು ಭೂತಗನ್ನಡಿ, ಒಂದು ಟಾರ್ಚ್, ಒಂದು ಅಳತೆಪಟ್ಟಿ, ಒಂದು ಸಣ್ಣ ಅಯಸ್ಕಾಂತ ಇದ್ದರೆ ಸಾಕು.

ಕಾಗದವೋ, ಲೋಹವೋ, ಗಾಜೋ? ಕನ್ನಡಿಯಂತೆ ಹೊಳೆಯುತ್ತಿದ್ದು, ಓರೆ ಮಾಡಿದಾಗ ಚಿತ್ರ ಒಮ್ಮೆ ಸರಿಯಾಗಿ ಒಮ್ಮೆ ನೆಗೆಟಿವ್‌ನಂತೆ ಕಂಡರೆ ಅದು ಡಾಗೆರೊಟೈಪ್. ಬೆಳ್ಳಿ ಲೇಪಿಸಿದ ತಾಮ್ರದ ತಗಡು. ಈ ವಿಧಾನವನ್ನು ಜಗತ್ತಿಗೆ ತಿಳಿಸಿದ್ದು 1839ರಲ್ಲಿ, 1850ರ ದಶಕ ಮುಗಿಯುವ ಹೊತ್ತಿಗೆ ಇದರ ಕಾಲವೂ ಮುಗಿಯಿತು. ಹೊಳಪು ಕಡಿಮೆ, ಅಯಸ್ಕಾಂತ ಮೆಲ್ಲಗೆ ಹತ್ತಿರ ತಂದರೆ ಎಳೆಯುತ್ತದೆ ಎಂದಾದರೆ ಟಿನ್‌ಟೈಪ್. ಹೆಸರಿನಲ್ಲಿ ಟಿನ್ ಇದ್ದರೂ ಅದು ಕಬ್ಬಿಣದ ತಗಡು. 1856ರಿಂದ ಬಂದದ್ದು, ಅಗ್ಗವಾಗಿದ್ದರಿಂದ ಮುಂದೆ ತುಂಬಾ ವರ್ಷ ಉಳಿಯಿತು. (ಅಯಸ್ಕಾಂತವನ್ನು ಚಿತ್ರಕ್ಕೆ ಉಜ್ಜಬೇಡಿ, ಹಿಂಬದಿಯಿಂದ ನೋಡಿ.)

ರಟ್ಟಿಗೆ ಅಂಟಿಸಿದ ತೆಳು ಕಾಗದ, ಹಳದಿ ತಿರುಗಿದ ಬಿಳುಪು, ಕಂದು ನೇರಳೆ ಛಾಯೆ ಇದ್ದರೆ ಬಹುಮಟ್ಟಿಗೆ ಆಲ್ಬುಮೆನ್ ಪ್ರಿಂಟ್. ಮೊಟ್ಟೆಯ ಬಿಳಿಭಾಗ ಬಳಿದು ಮಾಡಿದ ಕಾಗದ. 1850ರಲ್ಲಿ ಶುರುವಾಗಿ 1890ರ ದಶಕದವರೆಗೆ ಇದರದ್ದೇ ರಾಜ್ಯಭಾರ. ರಟ್ಟು ಅಳೆಯಿರಿ. ಸುಮಾರು 6 ಸೆಂಮೀ ಅಗಲ, 10 ಸೆಂಮೀ ಉದ್ದವಾದರೆ ಕಾರ್ತ್ ದ ವಿಸಿತ್, ಅಂದರೆ ವಿಸಿಟಿಂಗ್ ಕಾರ್ಡ್ ಗಾತ್ರದ್ದು. 1854ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಆದದ್ದು. ಸುಮಾರು 11 ಸೆಂಮೀ ಅಗಲ, 16.5 ಸೆಂಮೀ ಉದ್ದವಾದರೆ ಕ್ಯಾಬಿನೆಟ್ ಕಾರ್ಡ್, ಅದು 1860ರ ದಶಕದ ಕೊನೆಗೆ ಬಂತು. ಕಪ್ಪಾದ ಜಾಗಗಳ ಅಂಚಿನಲ್ಲಿ ನೀಲಿ ಬೆಳ್ಳಿಯ ಮಿಂಚು ಕಂಡರೆ ಅದು ವಯಸ್ಸಾದ ಜೆಲಾಟಿನ್ ಪ್ರಿಂಟ್. ಮುಟ್ಟಿದರೆ ಪ್ಲಾಸ್ಟಿಕ್‌ನಂತಿದ್ದರೆ 1970ರ ಆಸುಪಾಸಿನದ್ದು ಅಥವಾ ಈಚಿನದು.

ಇನ್ನು ತಿರುಗಿಸಿ. ಎಷ್ಟೋ ಜನ ಫೋಟೋದ ಬೆನ್ನು ನೋಡುವುದೇ ಇಲ್ಲ. ನನಗೆ ಮುಖಕ್ಕಿಂತ ಬೆನ್ನೇ ಇಷ್ಟ. ಸ್ಟುಡಿಯೋ ಮುದ್ರೆ, ಕಾಗದದ ಕಂಪನಿಯ ಗುರುತು, ಪತ್ರಿಕೆಯವರು ಒತ್ತಿದ ದಿನಾಂಕ, ಪೆನ್ಸಿಲ್‌ನಲ್ಲಿ ಬರೆದ ಆರ್ಡರ್ ನಂಬರ್ ಎಲ್ಲವೂ ಅಲ್ಲೇ. ಅಮೆರಿಕದ ಹಳೆಯ ಕಾರ್ಡ್ ಫೋಟೋಗಳ ಹಿಂದೆ ಕೆಲವೊಮ್ಮೆ ತೆರಿಗೆ ಸ್ಟ್ಯಾಂಪ್ ಅಂಟಿರುತ್ತದೆ. ಅಂತರ್ಯುದ್ಧದ ಖರ್ಚಿಗೆಂದು ಫೋಟೋಗಳ ಮೇಲೆ 1864ರಿಂದ 1866ರವರೆಗೆ ಮಾತ್ರ ಹಾಕಿದ ತೆರಿಗೆ ಅದು. ಸ್ಟ್ಯಾಂಪ್ ಕಂಡಿತೆಂದರೆ ಎರಡು ವರ್ಷದ ಕಿಟಕಿ ಸಿಕ್ಕಿತು ಎಂದೇ ಲೆಕ್ಕ.

ಬೆನ್ನ ಮೇಲಿನ ಕೈಬರಹವನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ನಾನು ಒಮ್ಮೆ ಚೆನ್ನಾಗಿ ಮುಗ್ಗರಿಸಿದ್ದೇನೆ. ಒಂದು ಗುಂಪು ಫೋಟೋದ ಹಿಂದೆ ನೀಟಾಗಿ "1921" ಎಂದಿತ್ತು. ಅದನ್ನೇ ನಂಬಿ ಒಂದು ಪುಟ ಬರೆದೂ ಬಿಟ್ಟೆ. ಒಂದು ಸಂಜೆ ಟಾರ್ಚನ್ನು ಕಾಗದಕ್ಕೆ ಅಡ್ಡಲಾಗಿ ಹಿಡಿದಾಗ ಅಕ್ಷರಗಳು ಗೀರಿನಂತೆ ಒಳಗೆ ಇಳಿದಿರುವುದು ಕಂಡಿತು. ಭೂತಗನ್ನಡಿಯಲ್ಲಿ ನೋಡಿದರೆ ಗೆರೆಯ ನಡುವೆ ಶಾಯಿ ಇಲ್ಲದ ಸಣ್ಣ ಸಣ್ಣ ಜಾಗ, ತಿರುವಿನಲ್ಲಿ ಶಾಯಿಯ ಚುಕ್ಕೆ. ಬಾಲ್‌ಪೆನ್! ಅದು ಜನರ ಕೈಗೆ ಬಂದದ್ದೇ 1940ರ ದಶಕದ ನಡುವಿನಲ್ಲಿ. ಅಂದರೆ ಆ ಇಸವಿಯನ್ನು ಯಾರೋ ಎಷ್ಟೋ ವರ್ಷಗಳ ನಂತರ, ನೆನಪಿನಿಂದ ಬರೆದಿದ್ದರು. ತಪ್ಪೇ ಇರಬೇಕೆಂದಿಲ್ಲ, ಆದರೆ ಅದು ಸಾಕ್ಷಿಯಲ್ಲ, ಹೇಳಿಕೆ ಅಷ್ಟೇ. ಬರೆದಿದ್ದ ಪುಟವನ್ನು ಹರಿದು ಹಾಕಿದೆ.

ಕಾಗದದ ಮೇಲೆ ಇನ್ನೊಂದು ಪರೀಕ್ಷೆ ಇದೆ. ಕತ್ತಲಲ್ಲಿ ಯುವಿ ಟಾರ್ಚ್ ಬಿಡಿ. ಬಿಳಿ ಭಾಗ ನೀಲಿಯಾಗಿ ಫಳಫಳ ಹೊಳೆದರೆ ಕಾಗದದಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇದೆ. ಫೋಟೋ ಕಾಗದಕ್ಕೆ ಇದನ್ನು ಸೇರಿಸತೊಡಗಿದ್ದು 1950ರ ದಶಕದ ಸುಮಾರಿಗೆ. ಮೊದಲು ಹೆಸರು ಬಂದ ಫೋಟೋಗ್ರಾಫರ್ ಲೂಯಿಸ್ ಹೈನ್ ತೀರಿಕೊಂಡದ್ದು 1940ರಲ್ಲಿ. ಅವರೇ ಮುದ್ರಿಸಿದ್ದು ಎಂದು ಮಾರಾಟವಾಗಿದ್ದ ಹಲವು ಪ್ರಿಂಟ್‌ಗಳಲ್ಲಿ ಈ ಹೊಳಪು ಕಂಡು, 1990ರ ದಶಕದ ಕೊನೆಗೆ ಸಂಗ್ರಹಕಾರರ ವಲಯದಲ್ಲಿ ದೊಡ್ಡ ಗಲಾಟೆಯೇ ಆಯಿತು. ಚಿತ್ರ ಹೈನ್ ಅವರದ್ದೇ, ಕಾಗದ ಮಾತ್ರ ಅವರ ಕಾಲದ್ದಲ್ಲ. ಚಿತ್ರದ ವಯಸ್ಸು ಬೇರೆ, ಪ್ರಿಂಟ್‌ನ ವಯಸ್ಸು ಬೇರೆ. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದಿಡಿ.

3. ಎಡ ಬಲ ಸರಿಯಿದೆಯೇ?

ಇದು ಎರಡು ನಿಮಿಷದ ಕೆಲಸ, ಆದರೂ ಬಿಡಬೇಡಿ. ಡಾಗೆರೊಟೈಪ್, ಟಿನ್‌ಟೈಪ್‌ಗಳಲ್ಲಿ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ. ಅಮೆರಿಕದ ಬಂದೂಕುಧಾರಿ ಬಿಲ್ಲಿ ದ ಕಿಡ್ ಎಡಗೈ ಬಂಟ ಎಂದು ದಶಕಗಳ ಕಾಲ ಜನ ನಂಬಿದ್ದರು. ಕಾರಣ ಒಂದೇ ಒಂದು ಟಿನ್‌ಟೈಪ್, ಅದರಲ್ಲಿ ಪಿಸ್ತೂಲು ಎಡ ಸೊಂಟದಲ್ಲಿದೆ. ಆಮೇಲೆ ಯಾರೋ ಅವನ ಪಕ್ಕದ ರೈಫಲ್ ನೋಡಿದರು. ಅದು 1873ರ ಮಾದರಿಯ ವಿಂಚೆಸ್ಟರ್. ಅದರಲ್ಲಿ ಗುಂಡು ತುಂಬುವ ಕಿಂಡಿ ಇರುವುದು ಬಲಬದಿಗೆ, ಚಿತ್ರದಲ್ಲಿ ಎಡಬದಿಗೆ ಕಾಣುತ್ತದೆ. ಚಿತ್ರ ತಿರುಗಿಸಿದರೆ ಪಿಸ್ತೂಲು ಬಲಕ್ಕೆ ಬಂತು, ಎಡಗೈ ಕಥೆ ಅಲ್ಲಿಗೆ ಮುಗಿಯಿತು. ನೀವು ಅಂಗಡಿ ಬೋರ್ಡಿನ ಅಕ್ಷರ, ಅಂಗಿಯ ಗುಂಡಿ, ಗಡಿಯಾರದ ಮುಳ್ಳು ನೋಡಿ. ಕಾಗದದ ಪ್ರಿಂಟ್‌ಗಳೂ ಕೆಲವೊಮ್ಮೆ ನೆಗೆಟಿವ್ ಉಲ್ಟಾ ಇಟ್ಟಿದ್ದರಿಂದ ತಿರುಗಿರುತ್ತವೆ.

4. ಅತ್ಯಂತ ಹಳೆಯ, ಅತ್ಯಂತ ದೊಡ್ಡ ಪ್ರತಿ ಹುಡುಕಿ

ಮೊಬೈಲ್‌ಗೆ ಬಂದ ಚಿತ್ರ ಹತ್ತು ಕೈ ದಾಟಿ ಬಂದಿರುತ್ತದೆ. ಪ್ರತಿ ಕೈಯೂ ಸ್ವಲ್ಪ ಕತ್ತರಿಸಿರುತ್ತದೆ. ಹಾಗಾಗಿ ಮೂಲದ ಕಡೆಗೆ ಹಿಂದಕ್ಕೆ ನಡೆಯಬೇಕು.

ಚಿತ್ರ ಕೊಟ್ಟರೆ ಅದರ ಬೇರೆ ಪ್ರತಿಗಳನ್ನು ಹುಡುಕಿಕೊಡುವ ಗೂಗಲ್ ಲೆನ್ಸ್, ಟಿನ್‌ಐ, ಯಾಂಡೆಕ್ಸ್ ಮೂರರಲ್ಲೂ ಹಾಕಿ ನೋಡಿ, ಒಂದರಲ್ಲಿ ಸಿಗದ್ದು ಇನ್ನೊಂದರಲ್ಲಿ ಸಿಗುತ್ತದೆ. ಟಿನ್‌ಐನಲ್ಲಿ ಹಳೆಯದು ಮೊದಲು, ದೊಡ್ಡದು ಮೊದಲು ಎಂದು ಜೋಡಿಸುವ ಅನುಕೂಲ ಇದೆ. ಇಡೀ ಚಿತ್ರದಿಂದ ಏನೂ ಸಿಗದಿದ್ದರೆ ಅದರ ಒಂದು ತುಂಡನ್ನು ಮಾತ್ರ ಹಾಕಿ. ಎಡ ಬಲ ತಿರುಗಿಸಿಯೂ ಹಾಕಿ. ಒಂದು ಹೆಸರೋ ಸ್ಥಳವೋ ಸಿಕ್ಕ ಕೂಡಲೇ ಸಂಗ್ರಹಗಳ ಒಳಗೇ ಹೋಗಿ ಹುಡುಕಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ಯುರೋಪಿನ ಯುರೋಪಿಯಾನಾ, ಆಸ್ಟ್ರೇಲಿಯಾದ ಟ್ರೋವ್, ವಿಕಿಮೀಡಿಯಾ ಕಾಮನ್ಸ್, ಫ್ಲಿಕರ್ ಕಾಮನ್ಸ್ ಎಲ್ಲವೂ ಉಚಿತ. ಅಲ್ಲಿ ಚಿಕ್ಕ ಜೆಪೆಗ್ ಬಿಟ್ಟು, ಸಿಗುವ ಅತಿ ದೊಡ್ಡ ಫೈಲ್ ಇಳಿಸಿಕೊಳ್ಳಿ.

ಪೂರ್ತಿ ಚಿತ್ರ ಸಿಕ್ಕರೆ ಏನಾಗುತ್ತದೆ? ಐನ್‌ಸ್ಟೈನ್ ನಾಲಿಗೆ ಹೊರಚಾಚಿದ ಚಿತ್ರವನ್ನೇ ತಗೊಳ್ಳಿ. ಪೋಸ್ಟರ್‌ನಲ್ಲಿ ಒಬ್ಬರೇ ಇದ್ದಾರೆ, ಯಾವುದೋ ಸ್ಟುಡಿಯೋದಲ್ಲಿ ತಮಾಷೆಗೆ ತೆಗೆಸಿಕೊಂಡಂತೆ. ಪೂರ್ತಿ ಚಿತ್ರದಲ್ಲಿ ಅವರು ಕಾರಿನ ಹಿಂದಿನ ಸೀಟಿನಲ್ಲಿ, ಸ್ನೇಹಿತ ಮತ್ತು ಅವರ ಹೆಂಡತಿಯ ನಡುವೆ ಸಿಕ್ಕಿಕೊಂಡಿದ್ದಾರೆ. 1951ರ ಮಾರ್ಚ್ 14, ಅವರ 72ನೇ ಹುಟ್ಟುಹಬ್ಬ. ಇಡೀ ಸಂಜೆ ಫೋಟೋದವರಿಗಾಗಿ ನಕ್ಕು ನಕ್ಕು ಐನ್‌ಸ್ಟೈನ್‌ಗೆ ಸಾಕಾಗಿತ್ತು. ಕೊನೆಗೆ ಆರ್ಥರ್ ಸಾಸ್ ಎಂಬ ಫೋಟೋಗ್ರಾಫರ್ ಮತ್ತೆ ನಗಿ ಎಂದಾಗ ನಾಲಿಗೆ ಹೊರಬಂತು. ಪಕ್ಕದವರನ್ನು ಕತ್ತರಿಸಿದ್ದು ಯಾರು ಅಂದುಕೊಂಡಿರಿ? ಸ್ವತಃ ಐನ್‌ಸ್ಟೈನ್. ಆ ತುಂಡನ್ನು ಸ್ನೇಹಿತರಿಗೆ ಕಾರ್ಡ್ ಮಾಡಿ ಕಳಿಸುತ್ತಿದ್ದರು.

ಇದಕ್ಕೆ ಉಲ್ಟಾ, ಸ್ಕಾಟ್ಲೆಂಡಿನ ಸರೋವರದಲ್ಲಿದೆ ಎಂದು ಜನ ಹೇಳುವ ಲಾಕ್ ನೆಸ್ ಪ್ರಾಣಿಯ 1934ರ ಚಿತ್ರ. ಪತ್ರಿಕೆಯಲ್ಲಿ ಬಂದದ್ದು ಹತ್ತಿರದಿಂದ ಕತ್ತರಿಸಿದ ರೂಪ, ಅದರಲ್ಲಿ ಕತ್ತು ದೈತ್ಯವಾಗಿ ಕಾಣುತ್ತದೆ. ಪೂರ್ತಿ ಚಿತ್ರದಲ್ಲಿ ಅಗಲವಾದ ನೀರಿನ ನಡುವೆ ಒಂದು ಪುಟ್ಟ ಆಕಾರ. ಅದು ಆಟದ ಜಲಾಂತರ್ಗಾಮಿಗೆ ಸಿಕ್ಕಿಸಿದ ಬೊಂಬೆ ಎಂದು ಹೊರಬೀಳಲು ಸುಮಾರು 60 ವರ್ಷ ಬೇಕಾಯಿತು.

ಮೂಲ ಫೈಲ್‌ನಲ್ಲಿ ಕಲೆ, ಒಡಕು, ಹರಿದ ಮೂಲೆ ಇದ್ದರೆ ಬೇಸರ ಮಾಡಿಕೊಳ್ಳಬೇಡಿ. ರೈಟ್ ಸೋದರರ ಮೊದಲ ಹಾರಾಟದ ಗಾಜಿನ ಪ್ಲೇಟ್‌ನ ಒಂದು ಮೂಲೆ ಕಿತ್ತುಹೋಗಿದೆ. 1913ರಲ್ಲಿ ಡೇಟನ್ ಪಟ್ಟಣಕ್ಕೆ ಪ್ರವಾಹ ಬಂದಾಗ ಆ ಪ್ಲೇಟ್ ನೀರಿನಲ್ಲಿ ನೆನೆದಿತ್ತು. ಆ ಗಾಯ ಹಿಡಿದು ಹೋದರೆ ಇನ್ನೊಂದು ಕಥೆ ಸಿಗುತ್ತದೆ. 1903ರ ಡಿಸೆಂಬರ್ 17ರಂದು, 12 ಸೆಕೆಂಡಿನ ಆ ಹಾರಾಟವನ್ನು ಸೆರೆಹಿಡಿದ ಜಾನ್ ಡೇನಿಯಲ್ಸ್ ಫೋಟೋಗ್ರಾಫರೇ ಅಲ್ಲ. ಸಮುದ್ರ ತೀರದ ಜೀವರಕ್ಷಕ ಠಾಣೆಯ ನೌಕರ. ಆರ್‌ವಿಲ್ ರೈಟ್ ಕ್ಯಾಮೆರಾವನ್ನು ವಿಮಾನ ಓಡಿ ಮೇಲೇಳುವ ಹಳಿಯ ತುದಿಗೆ ಗುರಿಯಿಟ್ಟು, ವಿಮಾನ ಮೇಲೆದ್ದ ಕೂಡಲೇ ಒತ್ತು ಎಂದು ಹೇಳಿ ಹೋಗಿದ್ದರು. ಸಿಕ್ಕಿತೋ ಇಲ್ಲವೋ ಎನ್ನುವುದು ಮನೆಗೆ ಹೋಗಿ ಪ್ಲೇಟ್ ತೊಳೆಯುವವರೆಗೂ ಗೊತ್ತಿರಲಿಲ್ಲ.

5. ಜೂಮ್ ಮಾಡಿ, ಮೂಲೆಯಿಂದ ಶುರು ಮಾಡಿ

ದೊಡ್ಡ ಫೈಲ್ ತೆರೆದು ಪೂರ್ತಿ ಗಾತ್ರಕ್ಕೆ ಹಿಗ್ಗಿಸಿ. ಮಧ್ಯದ ಮುಖದ ಕಡೆ ಹೋಗಬೇಡಿ, ಅದನ್ನು ಎಲ್ಲರೂ ನೋಡಿಯಾಗಿದೆ. ಎಡಮೂಲೆಯಿಂದ ಸಾಲು ಸಾಲಾಗಿ, ಹೊಲ ಉಳುವ ಹಾಗೆ, ಬಲಕ್ಕೆ ಹೋಗಿ. ಕೈ, ಮಣಿಕಟ್ಟು, ಪಾದ, ಕಿಟಕಿ, ಗೋಡೆಯ ಮೇಲಿನ ಬರಹ.

1945ರ ಮೇ 2ರಂದು ಬರ್ಲಿನ್‌ನ ಸಂಸತ್ ಭವನ ರೈಖ್‌ಸ್ಟಾಗ್ ಮೇಲೆ ಸೋವಿಯತ್ ಬಾವುಟ ಹಾರಿಸುವ ಚಿತ್ರ ನೆನಪಿದೆಯಾ? ತೆಗೆದದ್ದು ಯೆವ್ಗೆನಿ ಖಾಲ್ದೆಯ್. ಬಾವುಟ ಹಿಡಿದವನನ್ನು ಕೆಳಗಿನಿಂದ ಆತುಕೊಂಡಿರುವ ಅಧಿಕಾರಿಯ ಎರಡೂ ಮಣಿಕಟ್ಟಿನಲ್ಲಿ ವಾಚ್ ಇತ್ತು. ಎರಡು ವಾಚ್ ಅಂದರೆ ಲೂಟಿ ಎಂಬ ಮಾತು ಬರುತ್ತದಲ್ಲ! ಹಾಗಾಗಿ ನೆಗೆಟಿವ್ ಮೇಲೆ ಸೂಜಿಯಿಂದ ಕೆರೆದು ಒಂದನ್ನು ಅಳಿಸಿದರು. ಅದು ವಾಚ್ ಅಲ್ಲ, ಕೈಗೆ ಕಟ್ಟುವ ದಿಕ್ಸೂಚಿ ಎಂದು ವಾದಿಸುವವರೂ ಇದ್ದಾರೆ. ಹಿಂದಿನ ಹೊಗೆಯನ್ನು ಆಮೇಲೆ ಗಾಢ ಮಾಡಿದ್ದಾರೆ. ಆ ಬಾವುಟ ಕೂಡ ಮಾಸ್ಕೋದಿಂದ ತಂದ ಕೆಂಪು ಮೇಜುಬಟ್ಟೆಯಿಂದ ಹೊಲಿದದ್ದು. ಅಳಿಸಿದ್ದನ್ನು ಹಿಡಿಯಬೇಕಾದರೆ ಒಂದೇ ಚಿತ್ರದ ಎರಡು ಪ್ರತಿಗಳನ್ನು ಅಕ್ಕಪಕ್ಕ ಇಡಬೇಕು. ಒಂದರಲ್ಲಿ ಇದ್ದದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ, ಯಾಕೆ ಎನ್ನುವ ಪ್ರಶ್ನೆಯೇ ನಿಮ್ಮ ಕಥೆ.

ಅದೇ ವರ್ಷ ಫೆಬ್ರವರಿ 23ರಂದು ಇವೋ ಜಿಮಾ ದ್ವೀಪದಲ್ಲಿ ಅಮೆರಿಕದ ಆರು ಸೈನಿಕರು ಧ್ವಜ ನೆಡುವುದನ್ನು ಜೋ ರೋಸೆಂತಾಲ್ ತೆಗೆದ ಚಿತ್ರದ ಕಥೆ ಇನ್ನೂ ಸೋಜಿಗ. ಅದು ಆ ದಿನ ಹಾರಿಸಿದ ಎರಡನೇ ಧ್ವಜ. ಆರು ಜನರ ಹೆಸರು ಪಠ್ಯಪುಸ್ತಕಕ್ಕೆ ಹೋಗಿತ್ತು, ಸ್ಮಾರಕವೂ ಆಗಿತ್ತು. ಆದರೆ ಹೆಸರುಗಳನ್ನು 1947ರಲ್ಲಿ ಒಮ್ಮೆ, 2016ರಲ್ಲಿ ಒಮ್ಮೆ, 2019ರಲ್ಲಿ ಇನ್ನೊಮ್ಮೆ ತಿದ್ದಬೇಕಾಯಿತು. ಕೊನೆಯ ಎರಡು ತಿದ್ದುಪಡಿಗೆ ದಾರಿ ಮಾಡಿದವರು ಹವ್ಯಾಸಿಗಳು. ಅವರು ಮುಖ ನೋಡಲಿಲ್ಲ, ಮುಖ ಕಾಣುವುದೂ ಇಲ್ಲ. ಪ್ಯಾಂಟಿನ ಅಂಚು ಮಡಚಿದೆಯೋ ಇಲ್ಲವೋ, ಸೊಂಟದ ಪಟ್ಟಿಗೆ ಏನು ತೂಗುಬಿದ್ದಿದೆ, ಬೆರಳಲ್ಲಿ ಉಂಗುರ ಇದೆಯೇ ಎಂದು ನೋಡಿದರು. ಅದೇ ದಿನದ ಬೇರೆ ಚಿತ್ರಗಳಲ್ಲಿ ಅದೇ ಅಂಚು, ಅದೇ ಪಟ್ಟಿ ಯಾರದ್ದು ಎಂದು ಹೊಂದಿಸಿದರು.

ಒಂದು ಎಚ್ಚರಿಕೆ. ಮಸುಕಾದ ಮುಖವನ್ನು ಸ್ಪಷ್ಟ ಮಾಡುವ ಎಐ ಆಪ್‌ಗಳನ್ನು ಈ ಕೆಲಸಕ್ಕೆ ಬಳಸಲೇಬೇಡಿ. ಅವು ಇಲ್ಲದ ಕಣ್ಣು, ಮೂಗು ತುಂಬುತ್ತವೆ. ಚೆಂದ ಕಾಣುತ್ತದೆ, ಆದರೆ ಅದು ಆ ಮನುಷ್ಯ ಅಲ್ಲ. ಬಣ್ಣ ಹಚ್ಚಿದ ಹಳೆಯ ಚಿತ್ರಗಳೂ ಅಷ್ಟೇ. 19ನೇ ಶತಮಾನದ ಪ್ಲೇಟ್‌ಗಳು ನೀಲಿಗೆ ಬೇಗ ಸ್ಪಂದಿಸುತ್ತಿದ್ದವು, ಕೆಂಪಿಗೆ ಹೆಚ್ಚುಕಮ್ಮಿ ಕುರುಡು. ಅದಕ್ಕೇ ಆಕಾಶ ಬರೀ ಬಿಳಿ, ಕೆಂಪು ಬಟ್ಟೆ ಕಪ್ಪು. ಕಪ್ಪು ಸೀರೆ ಎಂದು ನೀವು ಅಂದುಕೊಂಡದ್ದು ಅಚ್ಚ ಕೆಂಪಿನದ್ದೂ ಆಗಿರಬಹುದು.

6. ಪಕ್ಕದ ಫ್ರೇಮ್ ಎಲ್ಲಿದೆ?

ನನ್ನನ್ನು ಕೇಳಿದರೆ ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಡುವುದು ಈ ಹೆಜ್ಜೆ. ಫೋಟೋಗ್ರಾಫರ್ ಒಂದೇ ಚಿತ್ರ ತೆಗೆದು ಹೊರಡುವುದು ಅಪರೂಪ. ಹಿಂದಿನದ್ದು, ಮುಂದಿನದ್ದು ಎಲ್ಲೋ ಇರುತ್ತದೆ. ಸಂಗ್ರಹದಲ್ಲಿ ನಿಮ್ಮ ಚಿತ್ರದ ನೆಗೆಟಿವ್ ನಂಬರ್ ನೋಡಿ, ಅದರ ಹಿಂದಿನ ಹತ್ತು ಮುಂದಿನ ಹತ್ತು ನಂಬರ್ ತೆರೆದು ನೋಡಿ.

ರೋಜರ್ ಫೆಂಟನ್ 1855ರಲ್ಲಿ ಕ್ರಿಮಿಯಾ ಯುದ್ಧಭೂಮಿಯ ಒಂದು ಕಣಿವೆಯ ಚಿತ್ರ ತೆಗೆದರು. ಖಾಲಿ ದಾರಿ, ಅದರ ತುಂಬಾ ಫಿರಂಗಿ ಗುಂಡುಗಳು. ಆದರೆ ಅದೇ ಜಾಗದಿಂದ ತೆಗೆದ ಇನ್ನೊಂದು ಚಿತ್ರವೂ ಇದೆ. ಅದರಲ್ಲಿ ದಾರಿಯ ಮೇಲೆ ಗುಂಡುಗಳಿಲ್ಲ, ಪಕ್ಕದ ತಗ್ಗಿನಲ್ಲಿವೆ. ಯಾವುದು ಮೊದಲು? ಗುಂಡುಗಳನ್ನು ದಾರಿಗೆ ತಂದು ಹರಡಿದರೋ, ದಾರಿಯಿಂದ ಎತ್ತಿ ಹಾಕಿದರೋ? ನೆರಳಿನಿಂದ ತೀರ್ಮಾನ ಆಗಲಿಲ್ಲ. ಉತ್ತರ ಕೊಟ್ಟದ್ದು ಯಾರೂ ಗಮನಿಸದ ಸಣ್ಣ ಕಲ್ಲುಗಳು. ಎರಡೂ ಚಿತ್ರ ಒಂದರ ಮೇಲೊಂದು ಇಟ್ಟು ನೋಡಿದಾಗ, ದಾರಿಯಲ್ಲಿ ಗುಂಡುಗಳಿರುವ ಚಿತ್ರದಲ್ಲಿ ಇಳಿಜಾರಿನ ಕೆಲವು ಕಲ್ಲು ಕೆಳಕ್ಕೆ ಸರಿದಿದ್ದವು. ಕಾಲು ತಾಗಿದ ಕಲ್ಲು ಕೆಳಗೆ ಉರುಳುತ್ತದೆ, ತಾನಾಗಿ ಮೇಲೆ ಹತ್ತುವುದಿಲ್ಲ. ಅಂದರೆ ಖಾಲಿ ದಾರಿಯೇ ಮೊದಲು. ಗುಂಡುಗಳನ್ನು ದಾರಿಗೆ ತಂದದ್ದು ಯಾರು, ಯಾಕೆ ಎನ್ನುವುದನ್ನು ಕಲ್ಲು ಹೇಳುವುದಿಲ್ಲ. ಕಲ್ಲು ಹೇಳಿದಷ್ಟಕ್ಕೇ ನಿಲ್ಲುವುದನ್ನೂ ಕಲಿಯಬೇಕು.

ಅಮೆರಿಕದ ಅಂತರ್ಯುದ್ಧದ ರಣಭೂಮಿ ಗೆಟ್ಟಿಸ್‌ಬರ್ಗ್‌ನಲ್ಲಿ 1863ರಲ್ಲಿ ಅಲೆಕ್ಸಾಂಡರ್ ಗಾರ್ಡ್ನರ್ ತೆಗೆದ ಸತ್ತ ಸೈನಿಕನ ಚಿತ್ರದ ಗುಟ್ಟು ಬಯಲಾದದ್ದೂ ಹೀಗೇ. ಬಂಡೆಗಳ ಸಂದಿಯಲ್ಲಿ ಬಿದ್ದವನು ಬೇರೆ ಜಾಗದ ಚಿತ್ರಗಳಲ್ಲೂ ಇದ್ದಾನೆ! ಶವವನ್ನು ಹೊತ್ತು ತಂದು, ಪಕ್ಕದಲ್ಲಿ ಒಂದು ಬಂದೂಕು ಒರಗಿಸಿ, ಅವನನ್ನು ಗುರಿಕಾರನನ್ನಾಗಿ ಮಾಡಿದ್ದರು.

7. ಜಾಗ ಮತ್ತು ಹೊತ್ತು

ಕಾಲ ಕಂಡುಹಿಡಿಯಲು ಒಂದು ಸರಳ ಲೆಕ್ಕ ಇದೆ. ಚಿತ್ರದಲ್ಲಿರುವ ಅತಿ ಹೊಸ ವಸ್ತು ಯಾವುದು? ಚಿತ್ರ ಅದಕ್ಕಿಂತ ಹಿಂದಿನದ್ದಾಗಲು ಸಾಧ್ಯವಿಲ್ಲ. ಹಳೆಯ ವಸ್ತುಗಳಿಂದ ಏನೂ ಸಾಬೀತಾಗುವುದಿಲ್ಲ, ಅಜ್ಜನ ಕೋಟನ್ನು ಮೊಮ್ಮಗ ಹಾಕಿರಬಹುದು. ಇನ್ನೂ ಕಟ್ಟುತ್ತಿರುವ ಗೋಪುರ, ಆಮೇಲೆ ಕೆಡವಿದ ಸೇತುವೆ, ಗೋಡೆಯ ಮೇಲಿನ ಸಿನಿಮಾ ಪೋಸ್ಟರ್, ವಾಹನದ ಮಾದರಿ. ಇವು ಎರಡೂ ಕಡೆಯಿಂದ ಒತ್ತಿದರೆ ಇಸವಿ ನಡುವೆ ಸಿಕ್ಕಿಬೀಳುತ್ತದೆ.

ಘಟನೆಯ ದಿನ ಬೇರೆ, ಚಿತ್ರದ ದಿನ ಬೇರೆ ಎನ್ನುವುದೂ ನೆನಪಿರಲಿ. ಲಖನೌದ ಸಿಕಂದರ್ ಬಾಗ್‌ನ ಅಂಗಳದಲ್ಲಿ ಎಲುಬುಗಳು ಚೆಲ್ಲಿಬಿದ್ದಿರುವ ಫೆಲಿಚೆ ಬಿಯಾಟೊ ಅವರ ಚಿತ್ರವನ್ನು 1857ರದ್ದು ಎಂದು ತೋರಿಸುತ್ತಾರೆ. ಅಲ್ಲಿ ಕಾಳಗ ನಡೆದದ್ದು 1857ರ ನವೆಂಬರ್‌ನಲ್ಲಿ. ಬಿಯಾಟೊ ಅಲ್ಲಿಗೆ ತಲುಪಿದ್ದು 1858ರಲ್ಲಿ, ತಿಂಗಳುಗಳ ನಂತರ. ಆ ಎಲುಬುಗಳನ್ನು ಚಿತ್ರಕ್ಕಾಗಿಯೇ ಹೊರತೆಗೆದು ಹರಡಿದ್ದರು ಎನ್ನುವ ಆರೋಪ ಇದೆ.

ಜಾಗಕ್ಕೆ ಬೆಟ್ಟದ ಅಂಚೇ ಸಹಿ. ಮನೆ ಬದಲಾಗುತ್ತದೆ, ದಿಗಂತ ಬದಲಾಗುವುದಿಲ್ಲ. ರಾಬರ್ಟ್ ಕಾಪಾ 1936ರಲ್ಲಿ ಸ್ಪೇನ್‌ನಲ್ಲಿ ತೆಗೆದ, ಗುಂಡೇಟಿಗೆ ಸೈನಿಕ ಬೀಳುವ ಚಿತ್ರ ಸೆರ್ರೊ ಮುರಿಯಾನೊ ಎಂಬಲ್ಲಿನದು ಎಂದು ಬಹಳ ಕಾಲ ನಂಬಿದ್ದರು. ಒಬ್ಬ ಸಂಶೋಧಕರು ಅದೇ ಸರಣಿಯ ಇನ್ನೊಂದು ಚಿತ್ರದ ಹಿನ್ನೆಲೆಯನ್ನು ಸುತ್ತಲಿನ ಊರುಗಳ ಗ್ರಂಥಾಲಯ, ಇತಿಹಾಸಕಾರರಿಗೆ ಕಳಿಸಿ, ಈ ಬೆಟ್ಟ ಗೊತ್ತಾ ಎಂದು ಕೇಳಿದರು. ಎಸ್ಪೆಹೊ ಎಂಬ ಊರಿನಿಂದ ಹೌದು ಎಂದು ಉತ್ತರ ಬಂತು, ಅದು ಸುಮಾರು 50 ಕಿಮೀ ದೂರ. ಆ ದಿನಗಳಲ್ಲಿ ಅಲ್ಲಿ ಕಾಳಗವೇ ಇರಲಿಲ್ಲ ಎನ್ನುವ ವಾದ ಅಲ್ಲಿಂದ ಜೋರಾಯಿತು. ನೀವೂ ಗೂಗಲ್ ಅರ್ತ್‌ನಲ್ಲಿ ನೆಲಮಟ್ಟಕ್ಕೆ ಇಳಿದು ದಿಗಂತ ಹೊಂದಿಸಿ ನೋಡಬಹುದು. ಆದರೆ ಆ ನೆಲದಲ್ಲೇ ಓಡಾಡಿದವರ ಕಣ್ಣಿಗೆ ಸಾಟಿ ಇಲ್ಲ.

ಹೊತ್ತಿಗೆ ನೆರಳು. ನೇರ ನಿಂತ ಕಂಬದ ನೆರಳು ಕಂಬದಷ್ಟೇ ಉದ್ದವಿದ್ದರೆ ಸೂರ್ಯ 45 ಡಿಗ್ರಿ ಮೇಲಿದ್ದಾನೆ. ಜಾಗ ಮತ್ತು ರಸ್ತೆಯ ದಿಕ್ಕು ಗೊತ್ತಿದ್ದರೆ ಸನ್‌ಕ್ಯಾಲ್ಕ್ ಎಂಬ ಜಾಲತಾಣದಲ್ಲಿ ದಿನಾಂಕ ಹಾಕಿ ಗಂಟೆ ಪಡೆಯಬಹುದು. ದಿನಾಂಕ ಗೊತ್ತಿಲ್ಲದಿದ್ದರೆ ಕಷ್ಟ, ಏಕೆಂದರೆ ಒಂದೇ ನೆರಳು ವರ್ಷದಲ್ಲಿ ಎರಡು ದಿನ ಬೀಳುತ್ತದೆ. 1945ರ ಆಗಸ್ಟ್ 14ರಂದು ನ್ಯೂಯಾರ್ಕ್‌ನ ಟೈಮ್ಸ್ ಸ್ಕ್ವೇರ್‌ನಲ್ಲಿ ನಾವಿಕನೊಬ್ಬ ಬಿಳಿ ಉಡುಪಿನ ಹೆಂಗಸಿಗೆ ಮುತ್ತಿಟ್ಟ ಆಲ್ಫ್ರೆಡ್ ಐಸೆನ್‌ಸ್ಟಾಟ್ ಚಿತ್ರಕ್ಕೆ ಖಗೋಳ ವಿಜ್ಞಾನಿಗಳು ಹೀಗೇ ಹೊತ್ತು ಕಟ್ಟಿದರು. ಹಿಂದಿನ ಕಟ್ಟಡದ ಮೇಲೆ ಒಂದು ಹೋಟೆಲ್ ಬೋರ್ಡಿನ ನೆರಳು ಬಿದ್ದಿತ್ತು. ಹಳೆಯ ನಕ್ಷೆಗಳಿಂದ ಲೆಕ್ಕ ಹಾಕಿ 2015ರಲ್ಲಿ ಉತ್ತರ ಕೊಟ್ಟರು. ಸಂಜೆ 5 ಗಂಟೆ 51 ನಿಮಿಷ. ಆ ನಾವಿಕ ನಾನೇ ಎಂದು ಹೇಳಿಕೊಂಡವರು ಹಲವರಿದ್ದರು. ಮಧ್ಯಾಹ್ನದ ಕಥೆ ಹೇಳಿದವರಿಗೆ ಈ ನೆರಳು ಅಡ್ಡ ನಿಂತಿತು. ಇಂಥ ಲೆಕ್ಕದಲ್ಲಿ ಆ ಕಾಲದ ಗಡಿಯಾರದ ನಿಯಮವನ್ನೂ ನೋಡಿ. ಯುದ್ಧದ ವರ್ಷಗಳಲ್ಲಿ ಅಮೆರಿಕದಲ್ಲಿ ವರ್ಷವಿಡೀ ಗಡಿಯಾರ ಒಂದು ಗಂಟೆ ಮುಂದಿತ್ತು.

8. ಚಿತ್ರದಲ್ಲಿರುವವರ ಮಾತು

ಕೊನೆಗೆ ಜನ. ಫೋಟೋಗ್ರಾಫರ್‌ನ ಟಿಪ್ಪಣಿ ಸಿಕ್ಕರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ಆದರೆ ಇದನ್ನು ನೋಡಿ. ಫೋಟೋಗ್ರಾಫರ್ ಡೊರೊಥಿಯಾ ಲ್ಯಾಂಗ್ 1936ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ ಬಟಾಣಿ ಕೀಳುವವರ ಬಿಡಾರದ ಹತ್ತಿರ ಕಾರು ನಿಲ್ಲಿಸಿದರು. ಗುಡಾರದಲ್ಲಿ ಮಕ್ಕಳೊಡನೆ ಕೂತ ತಾಯಿಯ ಹಲವು ಚಿತ್ರ ತೆಗೆದರು, ದೂರದಿಂದ ಶುರುಮಾಡಿ ಹತ್ತಿರ ಹತ್ತಿರ ಹೋದರು. ಕೊನೆಯದೇ ಮೈಗ್ರಂಟ್ ಮದರ್, ಅಂದರೆ ವಲಸೆ ತಾಯಿ, ಎಂದು ಹೆಸರಾದದ್ದು. ಅವಸರದಲ್ಲಿ ಹೆಸರು ಕೇಳಲಿಲ್ಲ. ಊಟಕ್ಕಾಗಿ ಕಾರಿನ ಟೈರ್ ಮಾರಿದ್ದಾರೆ ಎಂದು ಟಿಪ್ಪಣಿಯಲ್ಲಿದೆ.

1978ರಲ್ಲಿ ಆ ಹೆಂಗಸು ತಾನಾಗಿಯೇ ಪತ್ರಿಕೆಯ ಮೂಲಕ ಹೊರಬಂದರು. ಹೆಸರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್, ಚೆರೋಕೀ ಮೂಲದವರು. ಟೈರ್ ಮಾರಿದ ಕಥೆಯೇ ಸುಳ್ಳು ಎಂದು ಮನೆಯವರು ಹೇಳಿದರು. ಕಾರು ಕೆಟ್ಟಿತ್ತು, ಗಂಡಸರು ರಿಪೇರಿಗೆ ಹೋಗಿದ್ದರು, ಇವರು ಕಾಯುತ್ತಿದ್ದರು. ತನ್ನ ಮುಖ ಜಗತ್ತಿನ ತುಂಬಾ ಅಚ್ಚಾದರೂ ತನಗೆ ಒಂದು ಕಾಸೂ ಬರಲಿಲ್ಲ ಎಂಬ ಬೇಸರ ಅವರಿಗಿತ್ತು. ಲ್ಯಾಂಗ್ ಸರ್ಕಾರಿ ಕೆಲಸದ ಮೇಲಿದ್ದರು, ಅವರಿಗೂ ಚಿತ್ರದಿಂದ ರಾಯಧನ ಬರುತ್ತಿರಲಿಲ್ಲ ಎನ್ನುವುದನ್ನೂ ಸೇರಿಸಿ ಬರೆಯಬೇಕು. ಆ ಹೆಸರಾದ ಚಿತ್ರದ ಮೂಲ ನೆಗೆಟಿವ್‌ನ ಕೆಳಮೂಲೆಯಲ್ಲಿ ಗುಡಾರದ ಗೂಟ ಹಿಡಿದ ಒಂದು ಹೆಬ್ಬೆರಳಿದೆ. ಚೆಂದಕ್ಕೆ ಅಡ್ಡ ಎಂದು ಆಮೇಲೆ ಅದನ್ನು ಮಸುಕು ಮಾಡಿಸಿದರು. ಲೈಬ್ರರಿ ಆಫ್ ಕಾಂಗ್ರೆಸ್‌ನ ಜಾಲತಾಣದಲ್ಲಿ ಹೆಬ್ಬೆರಳು ಇರುವ ಪ್ರತಿಯೂ ಸಿಗುತ್ತದೆ, ಹೋಗಿ ನೋಡಿ.

ನಿಮ್ಮ ಚಿತ್ರದವರೋ ಅವರ ಮಕ್ಕಳೋ ಬದುಕಿದ್ದರೆ ಈ ಹೆಜ್ಜೆಯನ್ನು ಮುಂದೂಡಬೇಡಿ. ಕೇಳುವಾಗ "ಇವರು ನಿಮ್ಮ ಅಜ್ಜ ಅಲ್ವಾ?" ಎಂದು ಕೇಳಿದರೆ ಹೌದು ಎಂದೇ ಬರುತ್ತದೆ. ಫೋಟೋ ಕೈಗೆ ಕೊಟ್ಟು ಸುಮ್ಮನಿರಿ. ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ, ಒಟ್ಟಿಗೆ ಕೂರಿಸಿದರೆ ಜೋರು ದನಿಯವರ ನೆನಪೇ ಗೆಲ್ಲುತ್ತದೆ. ಅವರಿಗೆ ಇಷ್ಟವಿಲ್ಲದ ಹೆಸರು, ವಿಷಯ ಹೊರಗೆ ಹಾಕಬೇಡಿ.

9. ಬರೆದಿಡುವುದು

ಮೂರು ಗುಂಪು ಮಾಡಿ ಬರೆಯಿರಿ. ಕಣ್ಣಿಗೆ ಕಂಡದ್ದು ಅಥವಾ ದಾಖಲೆಯಲ್ಲಿ ಇರುವುದು, ನೀವು ಲೆಕ್ಕ ಹಾಕಿದ್ದು, ಯಾರೋ ಹೇಳಿದ್ದು. ಒಂದರದ್ದು ಇನ್ನೊಂದಕ್ಕೆ ಬೆರೆಸಬೇಡಿ. ಪ್ರತಿ ಸಾಲಿನ ಮುಂದೆ ಎಲ್ಲಿಂದ ಸಿಕ್ಕಿತು, ಯಾವತ್ತು ನೋಡಿದಿರಿ ಎಂದೂ ಬರೆಯಿರಿ. ಸ್ಕ್ಯಾನ್ ಮಾಡುವಾಗ ಬೆನ್ನನ್ನೂ ಸ್ಕ್ಯಾನ್ ಮಾಡಿ, ಅಂಚು ಕತ್ತರಿಸಬೇಡಿ. ಚಿಕ್ಕ ಫೋಟೋಗೆ 600 ಡಿಪಿಐ (ಇಂಚಿಗೆ 600 ಚುಕ್ಕೆ) ಬೇಕು, ಗುಣಮಟ್ಟ ಕಳೆಯದ ಟಿಫ್ ಫೈಲ್ ಆಗಿ ಒಂದು ಪ್ರತಿ ಇಡಿ.

ಮೂಲ ಪ್ರಿಂಟ್‌ನ ಹಿಂದೆ ಹೆಸರು ಬರೆಯಲೇಬೇಕಾದರೆ ಮೆತ್ತನೆಯ ಪೆನ್ಸಿಲ್ ತಗೊಳ್ಳಿ. ಗಟ್ಟಿ ಗಾಜಿನ ಮೇಲೆ ಫೋಟೋ ಬೋರಲು ಹಾಕಿ, ಒತ್ತದೆ, ಅಂಚಿನಲ್ಲಿ ಬರೆಯಿರಿ. ಹೆಸರಿನ ಪಕ್ಕ ಬರೆದವರು ಯಾರು, ಬರೆದ ದಿನ ಯಾವುದು ಎನ್ನುವುದೂ ಇರಲಿ. ಬಾಲ್‌ಪೆನ್ ಮಾತ್ರ ಬೇಡ.